ಗುಡುಗು: ಒಬ್ಬರು

ಮಾರ್ಚ್ ೧೪, ಗುರುವಾರ
ಸಂಜೆ ಐದು, ಹಿಂದಿನ ಕೋಣೆ

ಸಭಿಕರೇ, ಊಟದ ಮೇಜಿನ ಸುತ್ತ ನೆರೆದಿರುವ ಮಹಾಜನಗಳೇ! ಕುರ್ಚಿ ಎಳೆಯುವ ಸದ್ದು ನಿಲ್ಲಲಿ. ಅಳಿಯಂದಿರು ಫೋನು ಮಗುಚಿ ಇಡಲಿ. ದೊಡ್ಡ ಮೊಮ್ಮಗಳು ತಮ್ಮನ ತಟ್ಟೆಯಿಂದ ಕೈ ತೆಗೆಯಲಿ. ಬೆಕ್ಕಿಗೆ ಮೇಜಿನ ಮೇಲೆ ಕೂರಲು ಅಪ್ಪಣೆ ಇದೆ. ನಮ್ಮ ವಂಶದಲ್ಲಿ ಮಾತಿನ ಮಧ್ಯೆ ಬಾಯಿ ಹಾಕದ ಪ್ರಾಣಿ ಅದೊಂದೇ. ಪರದೆ ಏಳುತ್ತಿದೆ.

ಪ್ರೀತಿಯ ಮಗಳೇ,

ನನ್ನ ಪತ್ರವನ್ನು ನೀನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತೀಯ ಎಂದು ಗೊತ್ತು, ಅದಕ್ಕೇ ಮೇಲಿನ ನಾಂದಿ. ನಿನ್ನ ಎರಡು ಪತ್ರಕ್ಕೂ ಉತ್ತರಿಸದೆ ಏಳು ವಾರ ತಳ್ಳಿದೆ, ತಪ್ಪಾಯಿತು. ಮೊಣಕಾಲು ನೋವು ಎನ್ನಬಹುದಿತ್ತು. ಆದರೆ ಅಪ್ಪ ಬರೆಯುವುದು ಮೊಣಕಾಲಿನಿಂದಲ್ಲ ಎಂದು ನೀನು ಅಲ್ಲೇ ನಗುತ್ತೀಯ. ನಿಜವಾದ ಕಾರಣ ಒಂದು ಪಾರ್ಸೆಲ್ಲು. ಅದು ಬರಲಿ, ಆಮೇಲೆ ಬರೆಯೋಣ ಎಂದು ಕಾಯುತ್ತಿದ್ದೆ. ಇವತ್ತು ಹನ್ನೊಂದು ಗಂಟೆಗೆ ಬಂತು.

ಮೊದಲು ಕ್ಷೇಮ ಸಮಾಚಾರ. ಅಮ್ಮ ಚೆನ್ನಾಗಿದ್ದಾಳೆ. ಶಾಲೆಗಳು ತೆರೆಯುವ ಮುಂಚೆ ನಲವತ್ತೆರಡು ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಡಬೇಕಂತೆ. ಅಳತೆ ಟೇಪು ಕೊರಳಿಂದ ಇಳಿದಿದ್ದನ್ನು ನಾನು ಕಂಡು ಹತ್ತು ದಿನವಾಯಿತು. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು, ಹಿಂದಿನ ಕೋಣೆಯಲ್ಲಿ ನನ್ನ ಕಪಾಟು, ನಡುವೆ ಒಂದು ಬಾಗಿಲು. ರಾಜ್ಯ ಶಾಂತವಾಗಿದೆ. ಕಪಾಟಿನ ಮೂರನೇ ಹಲಗೆ ಮಾತ್ರ ಬಾಗಿದೆ. ಅಲ್ಲಿ ಈಗ ಸಿನಿಮಾ ಸಂಗೀತದ ನಲವತ್ಮೂರು ಪೆಟ್ಟಿಗೆ. ನಿಮ್ಮಮ್ಮ ನಿನ್ನೆ ಅದನ್ನು ನೋಡಿ, “ಆಕಾಶಕ್ಕೆ ಹೋದೋರೆಲ್ಲ ವಾಪಸ್ ಬಂದ್ರು. ನಿಮ್ಮ ಪೆಟ್ಟಿಗೆಗಳು ಮಾತ್ರ ಇನ್ನೂ ಇಳೀತಾನೇ ಇದಾವೆ ನೋಡಿ” ಎಂದು ಸೂಜಿಗೆ ದಾರ ಪೋಣಿಸಿದಳು.

ಅಳಿಯಂದಿರು ಬಂದಾಗಲೆಲ್ಲ ಕೇಳುತ್ತಾರೆ: ಇರುವ ರೆಕಾರ್ಡನ್ನೇ ಮತ್ತೆ ಮತ್ತೆ ಯಾಕೆ ಕೊಳ್ತೀರಿ ಮಾವ? ಇನ್ನೊಮ್ಮೆ ಹೇಳುತ್ತೇನೆ, ಕೇಳಿಸಿಕೊಳ್ಳಲಿ. ಹಳೆಯ ಕಾಲದ ರೆಕಾರ್ಡಿನಲ್ಲಿ ಹಿಡಿಸುತ್ತಿದ್ದದ್ದು ನಲವತ್ತು ನಿಮಿಷ. ಸಿನಿಮಾಕ್ಕೆಂದು ವಾದ್ಯದವರು ನುಡಿಸಿದ್ದು ತೊಂಬತ್ತು ನಿಮಿಷ. ಉಳಿದ ಐವತ್ತು ನಿಮಿಷ ಟೇಪಿನ ಡಬ್ಬಿಯೊಳಗೆ ಕತ್ತಲಲ್ಲಿ ಕೂತಿರುತ್ತದೆ. ಒಂದು ಸಣ್ಣ ಸಂಸ್ಥೆಯವರು ಈಗ ಆ ಡಬ್ಬಿಗಳನ್ನು ಗೋದಾಮುಗಳಿಂದ ಎತ್ತಿ ತಂದು, ಬಿಟ್ಟುಹೋದದ್ದನ್ನೆಲ್ಲ ಸೇರಿಸಿ, ಎರಡು ಸಿ.ಡಿ. ಮತ್ತು ಒಂದು ಪುಸ್ತಿಕೆಯ ಪೆಟ್ಟಿಗೆ ಮಾಡಿ, ಸಾವಿರದ ಐನೂರು ಪ್ರತಿ ಮಾತ್ರ ಹೊರಡಿಸುತ್ತಾರೆ. ಮೇಲೆ ‘ಸಂಪೂರ್ಣ’ ಎಂದು ಅಚ್ಚು ಹಾಕುತ್ತಾರೆ. ಆರು ವರ್ಷ ಬಿಟ್ಟು ಇನ್ನೊಂದು ಡಬ್ಬಿ ಸಿಕ್ಕಿತೆಂದು ‘ಪರಿಪೂರ್ಣ’ ಎಂದು ಹಾಕುತ್ತಾರೆ. ನಾವು ಎರಡನ್ನೂ ಕೊಳ್ಳುತ್ತೇವೆ. ಇದು ಕಾಯಿಲೆಯಲ್ಲ ಅಳಿಯಂದಿರೇ, ಶಿಸ್ತು.

ಆ ಸಂಸ್ಥೆಗೆ ಆಕಾಶದ ಸಿನಿಮಾಗಳೇ ಆಗಬೇಕು. ಹಡಗುಗಳು, ಉಲ್ಕೆಗಳು, ಮೂರು ಕಣ್ಣಿನವರು. ಅದರಲ್ಲಿ ಒಂದೇ ಒಂದು ನನಗೆ ಬೇಕಾದದ್ದು, ನಾವು ಮನೆಯಲ್ಲಿ ‘ಮರಳದ ಹಡಗು’ ಎನ್ನುವ ಸಿನಿಮಾದ್ದು. ಉಳಿದ ನಲವತ್ತನ್ನು ಕೊಂಡಿದ್ದು ಯಾಕೆಂದರೆ, ಸಂಸ್ಥೆ ಬದುಕಿದ್ದರೆ ತಾನೇ ನಮ್ಮ ಹಡಗಿನ ಸರದಿ ಬರುವುದು. ಸರದಿ ಬಂದಿದ್ದೂ ಉಂಟು, ಮೂರು ಸಲ. ಮೊದಲ ಸಲ ಇಪ್ಪತ್ತು ನಿಮಿಷ ಹೆಚ್ಚಿಗೆ, ಎರಡನೇ ಸಲ ಒಂಬತ್ತು, ಮೂರನೇ ಸಲ ಬರೀ ಪುಸ್ತಿಕೆ ದಪ್ಪ. ನಾನು ಹುಡುಕುತ್ತಿದ್ದದ್ದು ಮೂರರಲ್ಲೂ ಇರಲಿಲ್ಲ. ರೆಕಾರ್ಡಿನ ಅಂಗಡಿಯವನು, ಅದೇ ನಮ್ಮ ಸಣಕಲು ಗೆಳೆಯ, ಅವನನ್ನು ನಾವು ‘ಮುಳ್ಳು’ ಅಂತಲೇ ಕರೆಯುವುದು, ಹೋದ ವರ್ಷ ಕೇಳಿದ: “ದೊರೆ, ಈ ಹಡಗು ನಿಮ್ಮ ಮನೇಲಿ ಮೂರು ಸಲ ಸುಟ್ಟುಹೋಗಿದೆ. ನಾಲ್ಕನೇದೂ ಬೇಕಾ?” ಬೂದಿ ಬಂದರೂ ಬೇಕು ಎಂದೆ.

ಯಾಕೆಂದು ನಿನಗೆ ಅರ್ಧ ಗೊತ್ತು ಮಗಳೇ. ಆ ಸಿನಿಮಾಕ್ಕೆ ನಿಮ್ಮಮ್ಮ ಹಾಡಿದ್ದಳು ಎನ್ನುವ ಅರ್ಧ. ನೀನು ಹುಟ್ಟುವ ಮುಂಚಿನ ವರ್ಷ. ಹಡಗು ಸೂರ್ಯನ ಹತ್ತಿರ ಹೋಗಿ ಕರಗುವಾಗ ಮಾತಿಲ್ಲದ ಹಾಡು, ಬರೀ ದನಿ. ನಾಲ್ಕು ನಿಮಿಷ. ಅವಳಿಗೆ ಆಗ ಇಪ್ಪತ್ನಾಲ್ಕು ವಯಸ್ಸು. ಅಂಥ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಅದಾದ ಮೇಲೂ ಕೇಳಿಲ್ಲ. ನಾಟಕದ ಕಂಪನಿಯಲ್ಲಿ ಹುಟ್ಟಿದವನ ಮಾತು ಇದು. ನಿನ್ನ ಅಜ್ಜ ಬಣ್ಣದ ಮುಖದಲ್ಲೇ ನನಗೆ ಅಕ್ಷರ ಕಲಿಸಿದವರು. ನಾನು ಮಲಗುತ್ತಿದ್ದದ್ದು ಕಿರೀಟದ ಪೆಟ್ಟಿಗೆಯ ಪಕ್ಕ. ಹತ್ತನೇ ವಯಸ್ಸಿಗೆ ನನಗೆ ಗುಡುಗಿನ ತಗಡು ಕೊಟ್ಟರು, ಅಲ್ಲಾಡಿಸಿದರೆ ಗುಡುಗಿನ ಸದ್ದು ಹೊರಡುವ ಆಳೆತ್ತರದ ತಗಡು. ಪಕ್ಕದ ಪರದೆಯ ಸಂದಿಯಲ್ಲಿ ನಿಂತು ರಾಣಿಯ ಬಲಗೈಯನ್ನೇ ನೋಡುತ್ತಿರಬೇಕು. ಕೈ ಕಿವಿಯ ಮಟ್ಟ ದಾಟಿತೋ, ಆಕಾಶ ಗುಡುಗಬೇಕು. ಹದಿನೆಂಟು ವರ್ಷ ಗುಡುಗಿದೆ, ಒಂದು ದಿನವೂ ರಾಣಿಯ ಕೈ ಖಾಲಿ ಹೋಗಲಿಲ್ಲ. ಅಂಥ ರಂಗದಲ್ಲಿ ಬೆಳೆದವನೇ ಆ ದನಿಗೆ ಮೈಮರೆತು ನಿಂತಿದ್ದೆ ಎಂದರೆ ಲೆಕ್ಕ ಹಾಕಿಕೋ.

ಆದರೆ ಹಾಡು ಸಿನಿಮಾದಲ್ಲಿ ಬರಲಿಲ್ಲ. ಕೊನೆಯ ಟೇಕು ಮುಗಿದದ್ದೇ ಸಂಗೀತ ನಿರ್ದೇಶಕರು ಗಾಜಿನ ಆಚೆಯಿಂದ ಬೇಡವೆಂದು ಕೈ ಆಡಿಸಿದರು. ಸ್ಟುಡಿಯೋದ ಸಮಯ ಮುಗಿದಿತ್ತು, ಪಿಟೀಲಿನವರು ಪೆಟ್ಟಿಗೆ ಮುಚ್ಚುತ್ತಿದ್ದರು. “ಸಾಕು, ನಾಳೆ ಆ ಜಾಗಕ್ಕೆ ಕೊಳಲು ಇಟ್ಕೊಳೋಣ” ಎಂದರು. ಯಾಕೆಂದು ಯಾರೂ ಹೇಳಲಿಲ್ಲ. ಮೇಲಿನ ಸ್ವರದಲ್ಲಿ ತನ್ನ ದನಿ ಒಡೆಯಿತು ಎಂದುಕೊಂಡಳು ನಿಮ್ಮಮ್ಮ. ಅಲ್ಲಿಗೆ ಹಾಡು ನಿಂತಿತು. ನಿನಗೆ ಒಂದು ಜೋಗುಳವೂ ಹಾಡಲಿಲ್ಲ ಎಂದು ನೀನು ಎಷ್ಟು ಸಲ ಗೊಣಗಿದ್ದೀಯ. ಒಮ್ಮೆ ನಾನು ಅವಳನ್ನು ಒತ್ತಾಯ ಮಾಡಿದ್ದಕ್ಕೆ, “ಒಡೆದ ಪಾತ್ರೇನ ತಟ್ಟಿ ತಟ್ಟಿ ಯಾಕ್ರೀ ನೋಡೋದು” ಎಂದಳು. ‘ಮರಳದ ಹಡಗು’ ಹಾಕಿದಾಗಲೆಲ್ಲ ಮುಂದಿನ ಕೋಣೆಯ ಮಿಷನ್ನು ಓಡಲು ಶುರುವಾಗುತ್ತದೆ. ಒಂದು ಸಲ ಹೋಗಿ ನೋಡಿದೆ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಈಗ ಪಾರ್ಸೆಲ್ಲಿಗೆ ಬರೋಣ. ಹತ್ತೊಂಬತ್ತು ವರ್ಷದಿಂದ ನಾನು ಆ ಸಂಸ್ಥೆಗೆ ಪತ್ರ ಬರೆಯುತ್ತಿದ್ದೇನೆ, ವರ್ಷಕ್ಕೊಂದು ತಪ್ಪದೆ: ಹಾಡಿದವಳು ನನ್ನ ಹೆಂಡತಿ, ಆ ಟೇಪು ಎಲ್ಲಾದರೂ ಇದೆಯೇ ನೋಡಿ. ಜನವರಿಯಲ್ಲಿ ಫೋನು ಬಂತು. ಪೆಟ್ಟಿಗೆಗಳನ್ನು ಸಂಪಾದಿಸುವ ಹೆಂಗಸು. ನಿಧಾನದ ಮಾತು, ಟೇಪಿನ ಹತ್ತಿರ ಕೂತು ಕೂತು ಉಸಿರು ಕೂಡ ಮೆಲ್ಲಗೆ ಬಿಡುವವರ ಹಾಗೆ. ಬೇರೆ ಯಾವುದೋ ಸಿನಿಮಾದ ಹೆಸರು ಅಂಟಿಸಿದ್ದ ಡಬ್ಬಿಯಲ್ಲಿ ಸಿಕ್ಕಿತಂತೆ, ನಾಲ್ಕೂ ನಿಮಿಷ. ಈ ಸಲದ ಆವೃತ್ತಿಗೆ ಅದೇ ಕೊನೆಯ ತುಣುಕು. ಅವರು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ: “ನಿಮ್ಮ ಮನೆಯವರ ಹಾಡಲ್ಲಿ ಒಂದು ತಪ್ಪೂ ಇಲ್ಲ ಸಾರ್. ನಾನು ಹನ್ನೊಂದು ಸಲ ಕೇಳಿದೆ. ಮೂರನೇ ನಿಮಿಷದಲ್ಲಿ ಗುಡುಗಿನ ತಗಡು ನಾಲ್ಕು ಎಣಿಕೆ ಮೊದಲೇ ಬಿದ್ದಿದೆ. ಟೇಕು ಹೋಗಿದ್ದು ಅದಕ್ಕೆ.”

ಕೇಳಿದಿರಾ ಸಭಿಕರೇ? ಒಡೆದದ್ದು ದನಿಯಲ್ಲ.

ಅವರಿಗೆ ಎರಡು ವಿಷಯ ಬೇಕು. ಪುಸ್ತಿಕೆಯಲ್ಲಿ ಅಚ್ಚು ಹಾಕಲು ಗಾಯಕಿಯ ಹೆಸರು. ಸ್ಟುಡಿಯೋದ ಹಾಳೆಯಲ್ಲಿ ಅದು ಇಲ್ಲವಂತೆ. ಇನ್ನೊಂದು, ಒಂದು ತೀರ್ಮಾನ. ತಗಡಿಗೆ ಬೇರೆ ಮೈಕು ಇದ್ದದ್ದರಿಂದ ಅದರ ಸದ್ದು ಟೇಪಿನಲ್ಲಿ ಬೇರೆ ಸಾಲಿನಲ್ಲಿದೆ. ಹಾಡಿನ ಮೈಕಿಗೆ ಸೋರಿದ್ದನ್ನು ಆಗ ತೆಗೆಯಲು ಆಗುತ್ತಿರಲಿಲ್ಲ, ಈಗ ಬೇಡವೆಂದರೆ ಕಂಪ್ಯೂಟರಿನಲ್ಲಿ ಒಂದು ಗಂಟೆಯಲ್ಲಿ ಪೂರ್ತಿ ಅಳಿಸಬಹುದು, ಗುರುತೂ ಉಳಿಯುವುದಿಲ್ಲ. ಹಾಡು ಹಾಲಿನ ಹಾಗೆ ಹರಿಯುತ್ತದೆ. ಮುಳ್ಳನನ್ನು ಕೇಳಿದರೆ ಕೌಂಟರಿನ ಮೇಲೆ ಕೈ ಬಡಿದ. ನಮ್ಮ ಸಂಗ್ರಾಹಕರು ವಾದ್ಯದವರ ಕೆಮ್ಮು ತೆಗೆದರೂ ಜಗಳಕ್ಕೆ ಬರುತ್ತಾರೆ, ಗುಡುಗು ತೆಗೆದರೆ ಬಿಡುತ್ತಾರೆಯೇ, ಇದ್ದದ್ದು ಇದ್ದ ಹಾಗೇ ಇರಬೇಕು ಎಂದ. ಅವನಿಗೇನು, ಸಂಗೀತಕ್ಕಿಂತ ಟೇಪಿನ ಮೇಲೆ ಭಕ್ತಿ.

ಇವತ್ತು ಬಂದದ್ದು ಮಾದರಿ ಸಿ.ಡಿ., ಗುಡುಗು ಇರುವಂಥದ್ದು. ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ನಾನು ಫೋನು ಮಾಡಿ ತೀರ್ಮಾನ ಹೇಳಬೇಕು, ಸಂಜೆ ಅಚ್ಚಿಗೆ ಹೋಗುತ್ತದೆ. ನಿಮ್ಮಮ್ಮ ತರಕಾರಿ ತರಲು ಹೋದಾಗ ಒಂದೇ ಒಂದು ಸಲ ಕೇಳಿದೆ. ಮಗಳೇ, ಮೂವತ್ತಾರು ವರ್ಷ ಆ ದನಿ ಡಬ್ಬಿಯೊಳಗಿದ್ದೂ ಹಣ್ಣಾಗಿಲ್ಲ. ನಾನು ಹಣ್ಣಾಗಿದ್ದೇನೆ. ಮೊದಲ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ನಿನಗೆ ಒಂದು ಪ್ರತಿ ಖಂಡಿತ ಬರುತ್ತದೆ. ಮೊಮ್ಮಕ್ಕಳನ್ನು ಮಲಗಿಸುವಾಗ ಹಾಕು. ನಿನಗೆ ಸಿಗದ ಜೋಗುಳ ಅವರಿಗಾದರೂ ಸಿಗಲಿ.

ಅಳಿಯಂದಿರಿಗೆ ಆಶೀರ್ವಾದ, ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರಲಿ. ದೊಡ್ಡವಳಿಗೂ ಚಿಕ್ಕವನಿಗೂ ಕೆನ್ನೆಗೆ ಎರಡೆರಡು ಮುತ್ತು, ಕಿತ್ತಾಡದೆ ಹಂಚಿಕೊಳ್ಳಲಿ. ಎಲ್ಲರೂ ನೂರು ಕಾಲ ಗಟ್ಟಿಯಾಗಿ ಬಾಳಿ.

ನಿನ್ನ ಪ್ರೀತಿಯ
ಅಪ್ಪ

ಮರೆತ ಮಾತು: ಇಲ್ಲಿಂದ ಗಟ್ಟಿಯಾಗಿ ಓದಬೇಡ ಮಗಳೇ. ಸಭೆಯನ್ನು ಎಬ್ಬಿಸಿ ಕಳಿಸು. ಇದು ನಿನಗೊಬ್ಬಳಿಗೆ.

ಆ ಸಂಪಾದಕಿ ಫೋನಿನಲ್ಲಿ ಇನ್ನೊಂದು ಮಾತು ಹೇಳಿದರು. ಆ ದಿನದ ಹಾಜರಿ ಹಾಳೆಯಲ್ಲಿ ಪಿಟೀಲಿನವರ, ತುತ್ತೂರಿಯವರ ಹೆಸರು ಇದೆಯಂತೆ. ಕೊನೆಯ ಸಾಲಿನಲ್ಲಿ ಮಾತ್ರ ಹೆಸರಿಲ್ಲ, ‘ಗುಡುಗು: ಒಬ್ಬರು’ ಎಂದಿದೆಯಂತೆ. “ಯಾರಿರಬಹುದು ಸಾರ್, ನಿಮಗೇನಾದ್ರೂ ನೆನಪಿದೆಯಾ?” ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ.

ಆ ಒಬ್ಬರು ನಾನು.

ಅವಳಿಗೆ ಆ ಹಾಡು ಸಿಕ್ಕಿದ್ದಕ್ಕೆ ನನಗೂ ಅಲ್ಲಿ ತಗಡು ಅಲ್ಲಾಡಿಸುವ ಕೆಲಸ ಸಿಕ್ಕಿತ್ತು. ನಿರ್ದೇಶಕರ ಕೋಲು ನೋಡು, ಕೋಲು ಕೆಳಗಿಳಿದಾಗ ಗುಡುಗು ಎಂದು ಹೇಳಿಕೊಟ್ಟಿದ್ದರು. ಮೂರನೇ ನಿಮಿಷದಲ್ಲಿ ಅವಳು ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಏರುತ್ತ, ಹೆಡ್‌ಫೋನನ್ನು ಒತ್ತಿಕೊಳ್ಳಲು ಬಲಗೈ ಕಿವಿಗೆ ಎತ್ತಿದಳು. ಕೋಲು ನೋಡಬೇಕಾದವನು ಕೈ ನೋಡಿದೆ. ರಾಣಿಯ ಕೈ ಏಳುತ್ತಿದೆ, ಇನ್ನು ತಡೆಯುವುದು ಯಾರಿಂದ. ಬಾರಿಸಿಬಿಟ್ಟೆ. ಹೇಗೂ ಗುಡುಗು ಬರಬೇಕಾದ ಜಾಗದ ಹತ್ತಿರವೇ ಅಲ್ಲವೇ, ಸರಿಯಾಗಿಯೇ ಬಂತೆಂದು ಅವಳು ತಿಳಿದಳು. ತಪ್ಪು ತನ್ನದೆಂದೂ ತಿಳಿದಳು.

ಅಷ್ಟೇ ಆಗಿದ್ದರೆ ತಗಡಿನ ತಪ್ಪು ಎನ್ನಬಹುದಿತ್ತು. ಮನೆಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ನೋಡುತ್ತ ಕೇಳಿದಳು, “ನನ್ನ ದನಿ ಒಡೀತು, ಅಲ್ವಾ?” ನಿರ್ದೇಶಕರ ಮುಖ ನಾನು ನೋಡಿದ್ದೆ, ಅವರು ದುರುಗುಟ್ಟಿದ್ದು ಯಾರನ್ನು ಎಂದು ನನಗೆ ಗೊತ್ತಿತ್ತು. ಸಾವಿರ ಜನರ ಮುಂದೆ ನಡುಗದ ಈ ಬಾಯಿ ಆಗ ಹೇಳಿದ್ದು ಇಷ್ಟು: “ಹೋಗ್ಲಿ ಬಿಡು, ಎಲ್ಲರಿಗೂ ಆಗುತ್ತೆ.” ಸಮಾಧಾನ ಮಾಡಿದೆ ಮಗಳೇ. ಆ ಸಮಾಧಾನದಲ್ಲಿ ಅವಳನ್ನು ಹೂತುಬಿಟ್ಟೆ. ಮರುವಾರವೇ ತಗಡನ್ನು ಮಾರಿ, ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುವ ಮೈಕಿನ ಕೆಲಸಕ್ಕೆ ಸೇರಿದೆ. ನೀನು ಬರುತ್ತೀಯ, ಖಾಯಂ ಸಂಬಳ ಬೇಕು ಎಂದು ಎಲ್ಲರಿಗೂ ಹೇಳಿದೆ.

ಹತ್ತೊಂಬತ್ತು ವರ್ಷ ಒಂದೊಂದು ಪೆಟ್ಟಿಗೆ ಬಿಚ್ಚುವಾಗಲೂ ಟೇಪು ಸಿಗಲಿ ಎಂದು ಕೈ ಬೇಡುತ್ತಿತ್ತು, ಸುಟ್ಟುಹೋಗಿರಲಿ ಎಂದು ಹೊಟ್ಟೆ ಬೇಡುತ್ತಿತ್ತು. ಈಗ ಒಂದು ಫೋನು ಮಾಡಿದರೆ ಗುಡುಗು ಅಳಿದುಹೋಗುತ್ತದೆ. ಅವಳಿಗೆ ಹಾಡು ಸಿಗುತ್ತದೆ, ನನಗೆ ಮಾನ ಉಳಿಯುತ್ತದೆ. ಏಳು ವಾರ ನಾನು ಉತ್ತರ ಬರೆಯದೆ ಯೋಚಿಸುತ್ತಿದ್ದದ್ದು ಪಾರ್ಸೆಲ್ಲನ್ನಲ್ಲ, ಇದನ್ನು. ಇವತ್ತು ಅವಳ ಉಸಿರು ಕೇಳಿದ ಮೇಲೆ ಯೋಚನೆ ಮುಗಿಯಿತು.

ಗುಡುಗು ಇರಬೇಕೋ ಬೇಡವೋ ಅನ್ನುವುದು ನನ್ನ ತೀರ್ಮಾನವಲ್ಲ, ಹಾಡಿದವಳದು. ನನ್ನ ಪಾಲಿಗೆ ಇರುವುದು ಹೇಳುವ ಕೆಲಸ. ಅವಳು ಬೈದರೆ ಬೈಯಲಿ, ಮಾತು ಬಿಟ್ಟರೆ ಬಿಡಲಿ, ನಿನ್ನ ಮನೆಗೆ ಹೊರಟುಬಂದರೆ ಬಾಗಿಲು ತೆಗೆ, ನನ್ನ ಪರವಾಗಿ ಒಂದು ಮಾತೂ ಆಡಬೇಡ.

ನಾಳೆ ಬೆಳಿಗ್ಗೆ ಎಂಟು ಗಂಟೆಗೆ, ಅವಳು ಮಿಷನ್ನಿನ ಮುಂದೆ ಕೂರುವ ಮೊದಲು, ಅದರ ವೈರನ್ನು ಪ್ಲಗ್ಗಿನ ಸಮೇತ ಕಿತ್ತು ನನ್ನ ಜೇಬಿಗೆ ಹಾಕಿಕೊಳ್ಳುತ್ತೇನೆ. ನಡುವಿನ ಬಾಗಿಲು ಪೂರ್ತಿ ತೆಗೆದು, ಆ ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಅವಳ ಪಕ್ಕ ಕೂತು, ಮೊದಲು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ಸಿ.ಡಿ. ಹಾಕುತ್ತೇನೆ.