ಎಂಟನೆಯ ಗುಂಡಿ

ಅಂಗಡಿಯ ಹಿಂದಿನ ಕೋಣೆ
ಫೆಬ್ರವರಿ ೧೧, ಭಾನುವಾರ ಸಂಜೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಬೂಟು ಕಚ್ಚಿ ಹಿಮ್ಮಡಿ ಗಾಯವಾಗಿದೆ ಎಂದು ಬರೆದಿದ್ದೆಯಲ್ಲ, ಒಣಗಿತೇ? ಒಣಗುವವರೆಗೆ ಎರಡೆರಡು ಕಾಲುಚೀಲ ಹಾಕಿಕೋ. ನಿನ್ನ ಮೇಲಿನ ಅಧಿಕಾರಿ ಏನಾದರೂ ಅಂದರೆ ನಮ್ಮ ತಾತನ ಆಜ್ಞೆ ಎಂದು ಹೇಳು. ನಾನು ಚೆನ್ನಾಗಿದ್ದೇನೆ. ಎಡಗಣ್ಣಿಗೆ ಔಷಧದ ಹನಿ ನಡೆದಿದೆ, ಬಲಗಣ್ಣಿಗೆ ಇನ್ನೂ ಕೂದಲೆಳೆ ಕಾಣುತ್ತದೆ. ನಿನ್ನಮ್ಮ ಗಟ್ಟಿಮುಟ್ಟಾಗಿದ್ದಾಳೆ, ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರ ಬೆಳಗಿನಿಂದ ಬಾಯಿ ಮುಚ್ಚಿಲ್ಲ. ಅವಳು ಮಾತ್ರ ಮುಚ್ಚಿಕೊಂಡಿದ್ದಾಳೆ. ನಿನ್ನ ಕೋಟಿನ ಗುಂಡಿಯಿಂದ ಮಾಡಿದ ಪಿನ್ನು ಅಮ್ಮ ಹಾಕಿಕೊಂಡಳಾ ಎಂದು ಮೂರು ಪತ್ರದಲ್ಲೂ ಕೇಳಿದ್ದೀಯ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ನಿನಗೆ ಗೊತ್ತಲ್ಲ, ಪಕ್ಕದ ಮನೆಗೆ ಹೋಗಬೇಕಾದರೂ ನಾನು ಊರೆಲ್ಲ ಸುತ್ತಿಕೊಂಡೇ ಹೋಗುವವನು.

ಗುಂಡಿಯ ಕಥೆಯನ್ನು ಮೊದಲು ಹೇಳಿದವರು ನನಗೆ ಬೆಳ್ಳಿ ಕೆಲಸ ಕಲಿಸಿದ ಕುಂಟ ಮೇಸ್ತ್ರಿ. ನನಗಾಗ ಇಪ್ಪತ್ತೆರಡು, ಮದುವೆಯಾಗಿ ಎರಡು ತಿಂಗಳು. ಒಬ್ಬ ಹೆಂಗಸು ಹಿತ್ತಾಳೆಯ ಉಂಗುರ ತಂದು ಸಣ್ಣ ಮಾಡಿಕೊಡಿ ಅಂದಳು. ಸೊಟ್ಟಸೊಟ್ಟ ಉಂಗುರ. ಅವಳು ಹೋದ ಮೇಲೆ ನಾನು ನಕ್ಕೆ. ಮೇಸ್ತ್ರಿ ನಗಲಿಲ್ಲ. ಅವರು ಸಿಪಾಯಿಯಾಗಿದ್ದವರು, ಕಾಲು ಕುಂಟಾದದ್ದೇ ಯುದ್ಧದಲ್ಲಿ. ಯುದ್ಧದಲ್ಲಿ ಹೊಡೆದಾಟಕ್ಕಿಂತ ಕಾಯುವುದೇ ಹೆಚ್ಚಂತೆ. ಕಂದಕದಲ್ಲಿ ಕಾಯುತ್ತ ಕೂತವರು ಫಿರಂಗಿ ಶೆಲ್ಲಿನ ಹಿತ್ತಾಳೆ ಚೂರು ಹೆಕ್ಕಿ, ಕಲ್ಲಿಗೆ ಉಜ್ಜಿ, ಮನೆಯವಳ ಬೆರಳನ್ನು ನೆನಪು ಮಾಡಿಕೊಂಡು ಉಂಗುರ ಮಾಡುತ್ತಿದ್ದರಂತೆ. ನೆನಪಿನಲ್ಲಿ ಬೆರಳು ಸ್ವಲ್ಪ ದಪ್ಪವಾಗಿಬಿಡುತ್ತದೆ. ಅದಕ್ಕೇ ಅದನ್ನು ಸಣ್ಣ ಮಾಡಿಸಬೇಕಾಗುತ್ತದೆ.

ಆ ದಿನ ಮೇಸ್ತ್ರಿ ಕೆಲಸ ಬಿಟ್ಟು ಹೇಳುತ್ತ ಹೋದರು. ತಮ್ಮ ದಳದ ಲಾಂಛನವನ್ನೇ ಚಿಕ್ಕದಾಗಿ ಬೆಳ್ಳಿಯಲ್ಲಿ ಮಾಡಿಸಿ ಹೆಂಡತಿಗೋ ತಂಗಿಗೋ ಕೊಟ್ಟು ಹೋಗುವವರಿದ್ದರು. ಅದರಲ್ಲಿ ಎಲೆಗಳ ಹಾರವಿದ್ದರೆ ಗೆಲುವು, ಲಂಗರಿದ್ದರೆ ಭರವಸೆ, ರೆಕ್ಕೆಯಿದ್ದರೆ ಆಕಾಶದಲ್ಲಿರುವವನ ಮನೆಯವಳು. ಒಂದು ದೇಶದಲ್ಲಂತೂ ಹೆಂಗಸರು ತಮ್ಮ ಚಿನ್ನವನ್ನೆಲ್ಲ ಯುದ್ಧಕ್ಕೆ ಕೊಟ್ಟು ಕಬ್ಬಿಣದ ಒಡವೆ ಹಾಕಿಕೊಂಡರಂತೆ. ಆಮೇಲೆ ಅಲ್ಲಿ ಚಿನ್ನ ಹಾಕಿಕೊಂಡವಳೇ ಸೆರಗು ಮುಚ್ಚಿಕೊಂಡು ಓಡಾಡಬೇಕಾಯಿತು ಎಂದು ಮೇಸ್ತ್ರಿ ನಕ್ಕರು. ಇನ್ನು ಬೆಳ್ಳಿಯ ಲಾಂಛನ ಮಾಡಿಸಲಾಗದವರು ಕೋಟಿನ ಒಂದು ಗುಂಡಿ ಕಿತ್ತು ಕೊಡುತ್ತಿದ್ದರು. ಮೇಸ್ತ್ರಿಯೂ ಹೆಂಡತಿಗೆ ಹಾಗೇ ಕೊಟ್ಟು ಹೋಗಿದ್ದರು. "ಒಡವೆ ಅಂದ್ರೆ ಅವಳ ಎದೆ ಮೇಲಿದ್ದ ಗುಂಡಿ ಒಂದೇ ಅಲ್ಲ ಕಣೋ," ಅಂದರು. "ನನ್ನ ಕೋಟಲ್ಲಿ ಖಾಲಿ ಇತ್ತಲ್ಲ, ಆ ಜಾಗಾನೂ ಸೇರಿ."

ಈಗ ಇವೆಲ್ಲ ಬರೀ ಶೋಕಿ. ಕಾಲೇಜಿನ ಹುಡುಗಿಯರು ಸಿಪಾಯಿಯ ಗುರುತಿನ ಬಿಲ್ಲೆಯಂಥದನ್ನು ಕೊರಳಿಗೆ ಕಟ್ಟಿಕೊಂಡು ಓಡಾಡುತ್ತಾರೆ. ಗುರುತಿಸಬೇಕಾದದ್ದು ಯಾವಾಗ ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಹೋದ ವಾರ ಒಬ್ಬಳು ಬಂದು ಓಲೆಗೆ ಹೊಂದುವ ಪದಕ ಬೇಕು ಅಂದಳು. ಯಾವ ಯುದ್ಧ ಗೆದ್ದೆಯಮ್ಮಾ ಎಂದು ಕೇಳಿದೆ. ಅತ್ತೆ ಮನೇಲಿ ಮೂರು ವರ್ಷ ಪೂರೈಸಿದೀನಿ, ಸಾಲಲ್ವಾ ಅಂದಳು. ಮಾಡಿಕೊಟ್ಟೆ.

ಈಗ ನಮ್ಮ ವಿಷಯ. ಹೊರಡುವ ದಿನ ನೀನು ಕಾಗದದಲ್ಲಿ ಸುತ್ತಿದ ಗುಂಡಿಯನ್ನು ನನ್ನ ಕೈಗಿಟ್ಟು, ಅಮ್ಮನಿಗೆ ಪಿನ್ನು ಮಾಡಿಕೊಡು ತಾತ, ಹೇಗಿದೆಯೋ ಹಾಗೇ ಇರಲಿ ಅಂದಿದ್ದೆ. ಕಣ್ಣಿನ ನೆಪದಲ್ಲಿ ತಡವಾಗಿ ಮೊನ್ನೆ ಗುರುವಾರ ಮುಗಿಸಿದೆ. ಹೇಗಿದೆಯೋ ಹಾಗೇ ಅಂದರೆ ಮೇಲಿನ ಲಾಂಛನ ಸವೆಯಬಾರದು ಅಂತ ನಾನು ತಿಳಿದೆ. ಹಿಂದಿನ ಕೊಂಡಿಯಲ್ಲಿ ಒಂದಿಷ್ಟು ದಾರ ಸಿಕ್ಕಿಕೊಂಡಿತ್ತು. ದಾರವಿದ್ದರೆ ಬೆಸುಗೆ ಹಿಡಿಯುವುದಿಲ್ಲ, ಉರಿಗೆ ಸುಟ್ಟು ಕಪ್ಪಾಗುತ್ತದೆ. ಐವತ್ತು ವರ್ಷದ ಕೈ, ಯೋಚನೆಯೇ ಮಾಡಲಿಲ್ಲ. ಕತ್ತರಿಸಿ ಕೆಳಗೆ ಹಾಕಿದೆ. ಉಜ್ಜಿ ಫಳಫಳ ಅನ್ನಿಸಿ ನಿನ್ನಮ್ಮನ ಮುಂದೆ ಹಿಡಿದೆ. ಅವಳು ಲಾಂಛನದ ಕಡೆ ನೋಡಲೇ ಇಲ್ಲ. ತಿರುಗಿಸಿ ಹಿಂಭಾಗ ನೋಡಿದಳು. ದಾರ ಎಲ್ಲಿ ಎಂದು ಕೇಳಿದಳು. ಕಿತ್ತು ಹಾಕಿದೆ ಎಂದೆ. ಪಿನ್ನನ್ನು ನನ್ನ ಹಲಗೆಯ ಮೇಲಿಟ್ಟು ಯಂತ್ರಕ್ಕೆ ಹೋಗಿ ಕೂತಳು.

ಆಮೇಲೆ ನನಗೆ ಗೊತ್ತಾಯಿತು. ನೀನು ಸೇನೆಗೆ ಸೇರಿದಾಗ ಗುಂಡಿ ಹೊಲಿಯೋಕೆ ಬರಲ್ಲ, ಬಂದೂಕು ಹಿಡೀತಾಳಂತೆ ಎಂದು ಮನೆಯೆಲ್ಲ ಕೇಳುವಂತೆ ಅಂದವಳು, ತರಬೇತಿ ಮುಗಿಸಿ ನೀನು ಬಂದಾಗ ಒಂದು ಮಾತೂ ಆಡದವಳು, ನೀನು ಸ್ನಾನಕ್ಕೆ ಹೋದಾಗ ಕೋಟು ಎತ್ತಿಕೊಂಡು ಎಂಟೂ ಗುಂಡಿ ಬಿಚ್ಚಿ ತನ್ನ ದಾರದಲ್ಲಿ ಮತ್ತೆ ಹೊಲಿದಿದ್ದಳಂತೆ. ಇದನ್ನು ಅವಳ ಬಾಯಿಂದ ಹೊರಡಿಸಲು ನನಗೆ ಎರಡು ದಿನ ಹಿಡಿಯಿತು. ನೀನು ಅವಳ ದಾರವನ್ನು ಅವಳಿಗೇ ಕಳಿಸಿದ್ದೆ. ಮಧ್ಯೆ ನಿಂತ ಮುದುಕ ಅದನ್ನು ಕಸ ಅಂದುಕೊಂಡ.

ಇವತ್ತು ಅಂಗಡಿ ಬಾಗಿಲು ಹಾಕಿದ ಮೇಲೆ ಅವಳಿಗೂ ಪಕ್ಕದ ಚಪ್ಪಲಿ ಅಂಗಡಿಯವನಿಗೂ ಮೇಸ್ತ್ರಿಯ ಕಥೆ ಪೂರ್ತಿ ಹೇಳಿದೆ. ಚಪ್ಪಲಿಯವನು ಮೂಗು ಒರೆಸಿಕೊಂಡ. ನಿನ್ನಮ್ಮ ಅಂಚು ಮಡಿಚುತ್ತಲೇ ಇದ್ದಳು. ಕೊನೆಗೆ, "ನಿಮ್ಮ ಮೇಸ್ತ್ರಿ ದಾರದ ಬಗ್ಗೆ ಏನೂ ಹೇಳಿರ್ಲಿಲ್ವಾ ಅಪ್ಪಾ?" ಎಂದು ಕೇಳಿ ಎದ್ದುಹೋದಳು. ಪಿನ್ನು ಇನ್ನೂ ನನ್ನ ಹಲಗೆಯ ಮೇಲೇ ಇದೆ. ನಿನಗೆ ಸುಳ್ಳು ಬರೆಯಲಾರೆ. ತಪ್ಪು ನನ್ನದು, ಅವಳ ಮೇಲೆ ಬೇಸರ ಮಾಡಿಕೊಳ್ಳಬೇಡ.

ಹೊಟ್ಟೆ ತುಂಬ ಊಟ ಮಾಡು. ನಿನ್ನ ಕೋಣೆಯ ಗೆಳತಿಯರನ್ನೂ ಕೇಳಿದೆ ಎಂದು ಹೇಳು. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ
ತಾತ

ಮರೆತ ಮಾತು: ಸೋಮವಾರ ಬೆಳಿಗ್ಗೆ. ಅಂಚೆಯವನು ಮೂಲೆ ತನಕ ಬಂದಾಯಿತು, ಗೀಚುತ್ತಿದ್ದೇನೆ. ನಾನು ಏಳುವ ಮೊದಲೇ ನಿನ್ನಮ್ಮ ನನ್ನ ಕಸದ ಡಬ್ಬಿಯನ್ನು ಪತ್ರಿಕೆಯ ಮೇಲೆ ಸುರಿದುಕೊಂಡು ಕೂತಿದ್ದಳು. ಬೆಳ್ಳಿ ಪುಡಿ ಇರುತ್ತದೆಂದು ನಾವು ಅಂಗಡಿ ಗುಡಿಸಿದ ಕಸವನ್ನು ವರ್ಷವೆಲ್ಲ ಕೂಡಿಡುತ್ತೇವಲ್ಲ, ಆ ಡಬ್ಬಿ. ಚಪ್ಪಲಿಯವನೂ ಕನ್ನಡಕ ಏರಿಸಿಕೊಂಡು ಎದುರು ಕೂತಿದ್ದ. ಸಿಕ್ಕಿತು ಪುಟ್ಟೀ, ಉಗುರಿನಷ್ಟು ಖಾಕಿ ದಾರ, ಗಂಟು ಹಾಗೇ ಇದೆ. ಬೆಸುಗೆ ಬಿಡಿಸಿ ಬರೀ ಗುಂಡಿ ಕೊಡಿ ಅಂದಳು, ಕೊಟ್ಟೆ. ಅಳತೆ ಟೇಪು ತೂಗುಹಾಕಿಕೊಳ್ಳುವ ಕೆಲಸದ ಮೇಲಂಗಿಗೆ ಅದನ್ನು ಹೊಲಿದುಕೊಂಡಳು, ಹಳೆಯ ಗಂಟನ್ನು ಗುಂಡಿಯ ಅಡಿಗಿಟ್ಟು. ಈಗ ಅದನ್ನೇ ಹಾಕಿಕೊಂಡು ಯಂತ್ರ ತುಳಿಯುತ್ತಿದ್ದಾಳೆ. ನಿನಗೆ ಹೀಗೆ ಬರೆಯಲು ಹೇಳಿದ್ದಾಳೆ: "ಆ ಜಾಗಕ್ಕೆ ಅವಳೇ ಏನೋ ಹೊಲ್ಕೊಂಡಿರ್ತಾಳೆ, ಅದು ನಿಲ್ಲಲ್ಲ. ರಜಾ ಸಿಕ್ಕಿದ ತಕ್ಷಣ ಕೋಟು ತರೋಕೆ ಹೇಳಿ." ಕೋಟನ್ನಷ್ಟೇ ಪಾರ್ಸೆಲ್ ಮಾಡಿಬಿಟ್ಟೀಯ, ಹುಷಾರು.