ಕಡೇ ಬಸ್ಸಿಗೆ ಹತ್ತನೆಯವರು

ಆಷಾಢದ ನಲವತ್ತೊಂದನೇ ದಿನ, ೨೩೪೧
ಆಟದಮನೆ, ಗದುಗಿನ ಗಾಳಿಗುಡ್ಡ

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಗಾಳೆವ್ವನ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಆಷಾಢ ಮುಗಿಯುವುದು ಗಾಳಿ ನಿಂತ ದಿನ, ಈ ವರ್ಷ ಅದು ಇನ್ನೂ ನಿಂತಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ವಿಡಿಯೋ ಗೇಮುಗಳ ಒಳಗಿನ ಬರಹಗಳಿಂದ. ಆದ್ದರಿಂದ ಮಾತು ಎಲ್ಲಾದರೂ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಗಾಳಿಕಾಗದ. ಗಾಳಿ ಜೋರಾಗಿದ್ದಾಗ ಹಿಂದಿನವರಿಗೆ ಬರೆದು, ಗುಡ್ಡದ ನೆತ್ತಿಯಿಂದ ಹಾರಿಬಿಡುವ ಕಾಗದ. ತಲುಪುತ್ತದೆ ಎಂದು ಕೆಲವರು, ಬೇಲಿಗೆ ಸಿಕ್ಕಿ ಹರಿಯುತ್ತದೆ ಎಂದು ಕೆಲವರು. ಉತ್ತರವಂತೂ ಈವರೆಗೆ ಬಂದಿಲ್ಲ.

ನೀವು ಈ ಗುಡ್ಡದ ಮೇಲೆ ನಿಲ್ಲಿಸಿದ ಗಾಳಿಯಂತ್ರಗಳ ಜಾಗದಲ್ಲೇ ನಮ್ಮವೂ ನಿಂತಿವೆ. ಅವು ತಿರುಗಿದಷ್ಟು ಹೊತ್ತು ಕರೆಂಟು. ಅದಕ್ಕೆ ಗಾಳಿಹೊತ್ತು ಎನ್ನುತ್ತೇವೆ. ಮೊದಲು ಹಿಟ್ಟಿನ ಗಿರಣಿಗೆ, ಆಮೇಲೆ ನೀರಿನ ಪಂಪಿಗೆ, ಮಿಕ್ಕಿದ್ದು ಆಟದಮನೆಗೆ. ಆಷಾಢದಲ್ಲಿ ಮಿಗುವುದೇ ಹೆಚ್ಚು. ಆಗ ಊರಿಗೆ ಊರೇ ಮಡಿಲಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ಬಂದು, ಗೋಡೆಯ ಮೇಲೆ ಮೂಡುವ ಹಳೆಯ ಆಟಗಳ ಮುಂದೆ ಚಾಪೆ ಹಾಸಿ ಕೂರುತ್ತದೆ. ಮಧ್ಯಾಹ್ನವಿಡೀ ಗೋಡೆಗಳು ನೀಲಿ, ಹಸಿರು ಬಣ್ಣದಲ್ಲಿ ಉಸಿರಾಡುತ್ತಿರುತ್ತವೆ. ಎಚ್ಚರವೋ ನಿದ್ದೆಯೋ ತಿಳಿಯದ ಹಾಗೆ ಜನ ಅದರಲ್ಲಿ ತೇಲುತ್ತಾರೆ. ಗಾಳಿ ನಿಂತರೆ ಮುಂದಿನ ಆಷಾಢದವರೆಗೆ ಬಾಗಿಲಿಗೆ ಬೀಗ.

ನನ್ನ ಕೆಲಸ ಆಟ ಹೇಳುವುದು. ಬಾಗಿಲಲ್ಲಿ ಕೂತು, ಬಂದವರ ಮುಖ ನೋಡಿ, ಇವತ್ತು ನೀವು ಇದನ್ನು ಆಡಿ ಎನ್ನಬೇಕು. ನಮ್ಮ ಮನೆತನದಲ್ಲಿ ಇದಕ್ಕೆ ಎರಡೇ ಕಟ್ಟಳೆ. ಎಲ್ಲರಿಗೂ ಗೊತ್ತಿರುವ ಆಟವನ್ನು ಹೇಳಬಾರದು. ಯಾವ ಆಟದ ಕೊನೆಯನ್ನೂ ಬಾಯಿಬಿಡಬಾರದು. ಈ ಎರಡನೆಯದು ಊರಿನವರ ಮೈಗೂ ಹತ್ತಿಹೋಗಿದೆ. ಕೊನೆ ಹೇಳಿದವನ ಜೊತೆ ಅವನ ಹೆಂಡತಿಯೂ ಎರಡು ದಿನ ಮಾತು ಬಿಡುತ್ತಾಳೆ.

ನಿಮ್ಮ ಕಾಲದ ದೊಡ್ಡ ಆಟಗಳು, ಕಾರು ಕದಿಯುವುದು, ಕಂಡಕಂಡವರಿಗೆ ಗುಂಡು ಹೊಡೆಯುವುದು, ಅವೆಲ್ಲ ಕಲ್ಲುಗುಂಡಿನ ಹಾಗೆ ಉಳಿದಿವೆ. ಅವಕ್ಕೆ ನನ್ನ ಶಿಫಾರಸು ಬೇಕಿಲ್ಲ. ನಾನು ಹೇಳುವುದು ಒಂದೇ ಪ್ರತಿ ಉಳಿದಿರುವ ಸಣ್ಣವನ್ನು. ಜಗಳವಾಡಿ ಬಂದವರಿಗೆ ‘ಗುಂಡಿ ಡಬ್ಬಿ’ ಕೊಡುತ್ತೇನೆ. ಯಾರದೋ ಅಜ್ಜಿಯ ಡಬ್ಬಿಯಲ್ಲಿರುವ ಅಂಗಿಗುಂಡಿಗಳನ್ನು ಅವುಗಳ ಅಂಗಿಗೆ ಸೇರಿಸುತ್ತ ಹೋಗಬೇಕು, ಅಷ್ಟೇ. ಮೂರನೇ ಅಂಗಿಯ ಹೊತ್ತಿಗೆ ಆ ಮನೆಯಲ್ಲಿ ಏನು ನಡೆದಿತ್ತೆಂದು ಹೊಳೆಯುತ್ತದೆ. ನಿದ್ದೆ ಬಾರದವರಿಗೆ ‘ತುಂಬಿದ ಕೊಡ’. ನೀರು ಚೆಲ್ಲದ ಹಾಗೆ ಒಂದು ಊರು ದಾಟಬೇಕು. ಕೊಡದೊಳಗೊಂದು ಚಂದ್ರನಿದ್ದಾನೆ, ಅವನು ಕಲಕಿದರೆ ಮತ್ತೆ ಬಾವಿಯಿಂದ ಶುರು. ಎರಡನ್ನೂ ನಿಮ್ಮಲ್ಲಿ ಬೆರಳೆಣಿಕೆಯ ಜನ ಆಡಿರಬಹುದು. ನಿಮ್ಮ ಬಗ್ಗೆ ನನಗೆ ನಿಜವಾಗಿ ಸಿಟ್ಟು ಬರುವುದು ಈ ವಿಷಯಕ್ಕೆ.

ಆದರೆ ಈ ಕಾಗದ ಬರೆಯುತ್ತಿರುವುದು ‘ಕಡೇ ಬಸ್ಸು’ ಎಂಬ ಆಟದ ಸಲುವಾಗಿ. ಒಂದು ಬಸ್‌ಸ್ಟಾಪು, ಹಸಿರು ಬೆಂಚು, ಬೇವಿನ ಮರ, ಒಂದು ಕಂದು ನಾಯಿ. ಬದನೆಕಾಯಿ ಚೀಲ ಹಿಡಿದ ಹೆಂಗಸಾಗಿ ನೀವು ಅಲ್ಲಿ ಕೂತಿರುತ್ತೀರಿ. ಬಿಸಿಲು ಜಾರುತ್ತದೆ. ಬೇವಿನ ಹೂವು ಉದುರುತ್ತದೆ, ಒಂದೊಂದು ಸಲ ಒಂದೊಂದು ಥರ. ನಾಯಿ ಬಂದು ಕಾಲ ಬಳಿ ಮಲಗುತ್ತದೆ. ದೂರದಲ್ಲಿ ಧೂಳೆದ್ದಂತೆ ಕಾಣುತ್ತದೆ, ಎದೆ ಹಾರುತ್ತದೆ, ಧೂಳು ಕೂರುತ್ತದೆ. ನನ್ನ ಅಜ್ಜಿ ನೀಲವ್ವ, ನನಗಿಂತ ಮೊದಲು ಆಟ ಹೇಳುತ್ತಿದ್ದವಳು, ಎಲ್ಲಕ್ಕಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದು ಇದನ್ನು. ಗಂಡ ಸತ್ತ ವರ್ಷ ಆಷಾಢವಿಡೀ ಆ ಬೆಂಚಿನ ಮೇಲೇ ಕೂತಿದ್ದಳಂತೆ. ಅವಳಿಗೀಗ ತೊಂಬತ್ತಮೂರು. ಮುಂದಿನ ಗಾಳಿಗೆ ನಾನಿರುವುದಿಲ್ಲ ಎಂದು ಲೆಕ್ಕ ಹಾಕಿಟ್ಟಿದ್ದಾಳೆ, ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಹತ್ತು ದಿನದ ಕೆಳಗೆ ಅವಳು ನನ್ನ ಕೈ ಹಿಡಿದು ಕಟ್ಟಳೆ ಮುರಿದಳು.

“ಖರೇ ಹೇಳ. ನಿನಗ ಬಸ್ಸು ಬಂತೇನು?”

“ಇಲ್ಲಜ್ಜಿ. ನಿನಗ?”

“ನನಗೂ ಇಲ್ಲ. ಎಪ್ಪತ್ತು ವರ್ಷದಿಂದ ಕುಂತೇನಿ. ನಿಮಗೆಲ್ಲಾರಿಗೂ ಬಂದಿರಬೇಕು, ನನಗಷ್ಟ ತಾಳ್ಮಿ ಸಾಲವಲ್ದು ಅಂದ್ಕೊಂಡಿದ್ದೆ.”

ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಸಂಜೆ ಮನೆಮನೆಗೆ ಹೋಗಿ ಕೇಳಿದೆ. ಮೊದಲು ಬೈದರು, ಆಮೇಲೆ ತಲೆ ತಗ್ಗಿಸಿ ಒಪ್ಪಿಕೊಂಡರು. ಯಾರಿಗೂ ಬಸ್ಸು ಬಂದಿಲ್ಲ. ಕೊನೆ ಹೇಳಬಾರದೆಂಬ ಮರ್ಯಾದೆಯಲ್ಲಿ ನೂರು ವರ್ಷ ಒಂದು ಊರಿನ ಜನ, ಉಳಿದವರೆಲ್ಲ ಬಸ್ಸು ಹತ್ತಿ ಹೋದರು ಎಂದುಕೊಂಡು ಒಬ್ಬೊಬ್ಬರೇ ಕಾದಿದ್ದೇವೆ. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಬೆಂಚು ಬಿಟ್ಟು ಏಳಬೇಕೆಂದು ಯಾರಿಗೂ ತೋಚಿರಲಿಲ್ಲ. ಎದ್ದರೆ ಜಾಗ ಹೋದೀತೆಂಬ ಹೆದರಿಕೆ. ಮರುದಿನ ಆಟದೊಳಗಿನ ಆ ಬೆಂಚಿನಿಂದ ಅಜ್ಜಿಯೇ ಎದ್ದಳು. ಬೇವಿನ ಮರದ ಪಕ್ಕ ನೆಟ್ಟಿದ್ದ ಬಸ್ಸಿನ ವೇಳೆಯ ಹಲಗೆಯ ಹಿಂದಕ್ಕೆ ಹೋದಳು. ಅಲ್ಲಿ ಒಂದು ಚೀಟಿ ಅಂಟಿಸಿತ್ತು:

“ಇಲ್ಲೀತನಕ ಬಂದ್ರಲ್ಲ, ಭಾಳ ಚಲೋ ಆತು. ಬಸ್ಸು ಇನ್ನೂ ಮಾಡಿಲ್ಲ. ಹತ್ತು ಮಂದಿ ಆಡಿ ಕೆಳಗ ಒಂದೊಂದು ಸಾಲು ಬರೀರಿ, ಆಮ್ಯಾಲ ಬಿಡ್ತೀನಿ. ಯಾರೂ ಇಲ್ಲಂದ್ರ ಯಾರ ಸಲುವಾಗಿ ಮಾಡ್ಲಿ? ರೇಣುಕಾ ಹೂಗಾರ, ಝೆರಾಕ್ಸ್ ಅಂಗಡಿ, ಗದಗ.”

ಅದರ ಕೆಳಗೆ ಒಂಬತ್ತು ಸಾಲುಗಳಿವೆ. ‘ನಾಯಿ ಚೆನ್ನಾಗಿದೆ’ ಎಂದು ಒಬ್ಬರು. ‘ನಮ್ಮವ್ವ ನೆನಪಾದಳು’ ಎಂದು ಒಬ್ಬರು. ಒಂಬತ್ತನೆಯದು ಬರೀ ಒಂದು ಹೆಸರು. ಹತ್ತನೇ ಗೆರೆ ಖಾಲಿ.

ನಮ್ಮೂರಿನ ನಾನೂರು ಮಂದಿ ಆಡಿದ್ದೇವೆ, ಪುಟಗಟ್ಟಲೆ ಬರೆಯಬಲ್ಲೆವು. ಆದರೆ ಓದಲು ರೇಣುಕಾ ಇಲ್ಲ. ನೆರೆಮನೆಯ ಈರಪ್ಪಣ್ಣ ಆಟದೊಳಗೆ ತಾನೇ ಒಂದು ಬಸ್ಸು ಕೂರಿಸಿಕೊಡುತ್ತೇನೆಂದ. ಅಜ್ಜಿ ಒಪ್ಪಲಿಲ್ಲ. “ಆಕಿ ಬಿಡೂ ಬಸ್ಸು ಬೇಕು ನನಗ” ಎಂದಳು.

ಆದ್ದರಿಂದ ಓದುತ್ತಿರುವ ಹಿರಿಯರೇ, ನನ್ನ ಜೀವನದ ಕೊನೆಯ ಶಿಫಾರಸೆಂದೇ ತಿಳಿಯಿರಿ. ನಿಮ್ಮ ಆಟದ ಅಂಗಡಿಗಳ ಪಟ್ಟಿಯಲ್ಲಿ ಮೇಲಿನ ಥಳಕನ್ನೆಲ್ಲ ದಾಟಿ, ಬೆರಳು ನೋಯುವಷ್ಟು ಕೆಳಗೆ ಇಳಿಯಿರಿ. ಒಂದು ಹಸಿರು ಬೆಂಚಿನ ಚಿತ್ರ ಕಂಡರೆ ನಿಲ್ಲಿ. ಆಡಿ. ಬೇಸರವಾದರೆ ಆಗಲಿ, ನಾಯಿ ಬಂದು ಮಲಗುವವರೆಗಾದರೂ ಕೂತಿರಿ. ಆಮೇಲೆ ಎದ್ದು ಹಲಗೆಯ ಹಿಂದೆ ಹೋಗಿ ಒಂದು ಸಾಲು ಬರೆಯಿರಿ. ಹೊಗಳಬೇಕೆಂದೇನೂ ಇಲ್ಲ, ಆಡಿದೆ ಎಂದರೂ ಸಾಕು. ರೇಣುಕಾ ಅಂಗಡಿ ಮುಚ್ಚಿ ಬೇರೆ ಕೆಲಸಕ್ಕೆ ಹೊರಡುವ ಮೊದಲು ಅದು ಅವಳ ಕಣ್ಣಿಗೆ ಬೀಳಬೇಕು. ಆಗ ಅವಳು ಬಿಟ್ಟ ಬಸ್ಸು ನಮ್ಮ ಗೋಡೆಯ ಮೇಲೂ ಬಂದೀತು.

ಬೆಳಗಿನಿಂದ ಗಾಳಿ ಸ್ವಲ್ಪ ಸಣ್ಣಗಾಗಿದೆ, ನಾನಿನ್ನು ಗುಡ್ಡ ಹತ್ತಬೇಕು. ಅಜ್ಜಿ ಆಗಲೇ ಗೋಡೆಯ ಮುಂದೆ ಕೂತಿದ್ದಾಳೆ. ಹೊಸ ಸೀರೆ ಉಟ್ಟಿದ್ದಾಳೆ. ಆಟದಮನೆಯೊಳಗೆ ಯಾರೂ ಚಪ್ಪಲಿ ಹಾಕುವುದಿಲ್ಲ, ಇವತ್ತು ಅವಳು ಹಾಕಿಕೊಂಡಿದ್ದಾಳೆ.

ನಿಮ್ಮ
ಗಾಳೆವ್ವ