ವ್ಯಂಕಟೇಶ ಹೇಳಲಿದ್ದ ಮಾತು

ಆಳಂದ, 14 ನವೆಂಬರ್ 1999

ಇಂಟರ್ನೆಟ್ ಕಂಪನಿಯ ಸಹಾಯ ವಿಭಾಗದ ಮುಖ್ಯಸ್ಥರಿಗೆ,

"ತಡೀರಿ ಸಾಹೇಬ್ರ, ಅಳಸೋ ಮೊದ್ಲ ನಾ..." ಎಂದಿದ್ದ ನಿಮ್ಮ ವ್ಯಂಕಟೇಶ. ಮುಂದಿನದನ್ನು ನಾನು ಹೇಳಗೊಡಲಿಲ್ಲ.

ನನ್ನ ಕಂಪ್ಯೂಟರು ನಡೆಯುತ್ತಿದ್ದದ್ದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ವಿಂಡೋಸ್ ಇಲ್ಲದವರಿಗೆ ಸಹಾಯವಿಲ್ಲ ಎಂದು ಫೋನಿನಲ್ಲಿ ಮೂರು ಸಲ ಹೇಳಿ, ಕೊನೆಗೆ ಅವನನ್ನು ಕಳಿಸಿದಿರಿ. ನಾನು ಊಟ ಮಾಡಿ ಬರುವಷ್ಟರಲ್ಲಿ ಅವನು ಎಲ್ಲ ಅಳಿಸಿ ವಿಂಡೋಸ್ ಹಾಕಿದ್ದ. "ಈಗ ನೆಟ್ ಹತ್ತತದ ನೋಡ್ರಿ," ಎಂದು ನಕ್ಕ. ಅಳಿಸಿದ್ದು ಅಫಜಲಪುರ, ಜೇವರ್ಗಿ ಕಡೆಯ ಹೊಲಗಳ ಹೆಸರುಗಳನ್ನು. 'ಸೊಸಿ ಸತ್ತ ಹೊಲ'ದಂಥವು. ಹನ್ನೊಂದು ವರ್ಷ ಕೇಳಿ ಬರೆದವು. ಹೇಳಿದ ಮುದುಕರು ಈಗಿಲ್ಲ.

ಮೇಜಿನ ಮೇಲಿನ ಕರಿ ಟೆಲಿಫೋನು ಎತ್ತಿ ಅವನ ಬಾಯಿಗೆ ಹೊಡೆದೆ. ದವಡೆ ಮುರಿದ ಮೇಲೂ ಎರಡು ಸಲ ಹೊಡೆದೆ. ಹಲ್ಲು ಕೀಬೋರ್ಡಿನ ಮೇಲೆ ಬಿದ್ದವು. ಆಗಲೂ ಅವನ ಕೈ ತನ್ನ ಚೀಲದ ಕಡೆ ಚಾಚಿತ್ತು. ಆ ಚೀಲವನ್ನು ಕಿತ್ತು ಹಿತ್ತಲ ಬಾವಿಗೆ ಎಸೆದೆ.

ಕೇಸು ನಡೆಯಲಿ, ಒಪ್ಪಿಕೊಂಡಿದ್ದೇನೆ. ಟೆಲಿಫೋನು ಒಡೆದಿರುವುದರಿಂದ ಈ ಪತ್ರ. ಅವನ ದವಡೆಗೆ ತಂತಿ ಬಿಗಿದಿದ್ದಾರಂತೆ. ದಯವಿಟ್ಟು ಕೈಗೆ ಪೆನ್ನು ಕೊಟ್ಟು, ಕೆಳಗಿನ ಸಾಲನ್ನು ಅವನಿಗೆ ತೋರಿಸಿ.

ಇತಿ,
ಕಲ್ಯಾಣಪ್ಪ

ವ್ಯಂಕಟೇಶ, ಅಳಿಸುವ ಮೊದಲು ನೀನು ನಕಲು ತೆಗೆದು ಆ ಚೀಲದಲ್ಲಿ ಇಟ್ಟಿದ್ದೆಯಾ?